ದರೋಜಿಯ ಕರಡಿ, ಸಿರುಗುಪ್ಪದ ಎರೆಭೂತ

ಬಳ್ಳಾರಿ ಸೀಮೆಯಲ್ಲಿ ರಾಷ್ಟ್ರೀಯ ಉದ್ಯಾನವಿಲ್ಲ. ಆದರೂ ಪರಿಸರ ಪ್ರವಾಸೋದ್ಯಮ, ಎಂದರೆ ನಿಸರ್ಗವನ್ನು ಕೆಡಿಸದೆ ಜನರಿಗೆ ತೋರಿಸಿ ಆ ವರಮಾನದಿಂದಲೇ ಅದನ್ನು ಕಾಯುವ ಪದ್ಧತಿ, ಎಬ್ಬಿಸುವ ಧರ್ಮಜಿಜ್ಞಾಸೆಗೆ ಇಲ್ಲಿ ಎರಡು ಒಳ್ಳೆಯ ನಿದರ್ಶನಗಳಿವೆ.

ಸಂಡೂರು–ಹೊಸಪೇಟೆ ಸೀಮೆಯಲ್ಲಿ 1994ರಲ್ಲಿ ರೂಪುಗೊಂಡ ದರೋಜಿ ಕರಡಿಧಾಮದಲ್ಲಿ ಅರಣ್ಯ ಸಿಬ್ಬಂದಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ಬಿಸಿಲಿಳಿಯುತ್ತಲೇ ಗವಿಗಳಿಂದ ಇಳಿದುಬರುವ ಕರಡಿಗಳು ಅದನ್ನು ನೆಕ್ಕುವುದನ್ನು ಪ್ರವಾಸಿಗರು ದೂರದ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಗೆ ಹೋದ ಭಕ್ತ ಬಾಗಿಲು ತೆರೆಯುವವರೆಗೆ ಕಾಯುತ್ತಾನೆ, ಕಂಡದ್ದನ್ನು ಅನುಗ್ರಹವೆಂದು ಸ್ವೀಕರಿಸುತ್ತಾನೆ. ಟಿಕೆಟ್ ಕೊಂಡ ಪ್ರವಾಸಿಗನಿಗೆ ಕಾಣುವುದು ಹಕ್ಕಾಗಿಬಿಡುತ್ತದೆ, ಆ ಹಕ್ಕನ್ನು ಪೂರೈಸುವ ಸಲುವಾಗಿ ಗೆದ್ದಲು, ಜೇನು, ಕಾಡುಹಣ್ಣು ಅರಸಿ ತಿನ್ನಬೇಕಾದ ಪ್ರಾಣಿಗೆ ಬೆಲ್ಲದ ರುಚಿ ಹತ್ತಿಸಬೇಕಾಗುತ್ತದೆ. ಪ್ರತಿಯೊಬ್ಬ ವ್ಯಕ್ತಿಯೂ ಸ್ವತಃ ಸಾಧ್ಯ, ಇನ್ನೊಬ್ಬರ ಸಾಧನವಷ್ಟೇ ಅಲ್ಲ ಎಂಬ ತತ್ತ್ವಜ್ಞಾನಿ ಕಾಂಟನ ನಿಯಮ ಮನುಷ್ಯರಿಗೆ ಸೀಮಿತವಾಗಿತ್ತು. ಜೈನದರ್ಶನ ಅಂಥ ಗೌರವವನ್ನು ಬಹಳ ಹಿಂದೆಯೇ ಇರುವೆಯವರೆಗೂ ಚಾಚಿತ್ತು.

ಕರಡಿಯನ್ನು ಪ್ರವಾಸಿಗನ ಸಾಧನವಾಗಿಸಬಾರದೆಂಬ ಈ ಆಕ್ಷೇಪಕ್ಕೆ ಪ್ರತಿವಾದವೂ ಬಲವಾದುದೇ. ನೋಡುವವರಿಲ್ಲದ ಕಾಡಿನ ಪರವಾಗಿ ದನಿ ಎತ್ತುವವರು ಕಡಿಮೆ, ಮತ್ತು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯುವವರೆಗೂ ಅದಿರಿಗಾಗಿ ಈ ಸೀಮೆಯ ಗುಡ್ಡಗಳು ಹೇಗೆ ಕರಗಿದವೆಂಬುದನ್ನು ಬಳ್ಳಾರಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ದರೋಜಿಯಲ್ಲಿ ಗೋಪುರ ಇರಲಿ, ಬೆಲ್ಲ ನಿಲ್ಲಲಿ. ಕರಡಿ ಕಾಣದ ಸಂಜೆಯನ್ನೂ ಪ್ರವಾಸಿಗ ಒಪ್ಪಿಕೊಳ್ಳಲಿ.

ಸಿರುಗುಪ್ಪದ ಎರೆಹೊಲಗಳ ಮಾತು ಬೇರೆ. ಎರೆಭೂತ ಅಥವಾ ದೊರವಾಯನ ಹಕ್ಕಿ ಎಂದು ಕರೆಯುವ, 2011ರಿಂದ ಅಳಿವಿನ ಅಂಚಿನ ಪಟ್ಟಿಗೆ ಸೇರಿರುವ ಅಲ್ಲಿನ ಭಾರಿ ಹಕ್ಕಿ ಗೂಡು ಕಟ್ಟುವುದಿಲ್ಲ. ಬಯಲಿನ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು, ಬೆದರಿದರೆ ಅದನ್ನೂ ಬಿಟ್ಟು ಹಾರಿಬಿಡುತ್ತದೆ. ಜೈನ ಮುನಿಗಳು ಪಾಲಿಸುವ ಈರ್ಯಾಸಮಿತಿ, ಅಂದರೆ ಮುಂದಿನ ನಾಲ್ಕು ಮೊಳ ನೆಲವನ್ನು ದಿಟ್ಟಿಸಿ ಜೀವಹಾನಿಯಾಗದಂತೆ ಹೆಜ್ಜೆಯಿಡುವ ನಿಯಮ, ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಕ್ಯಾಮೆರಾ ಹಿಡಿದು ಹೊಲಕ್ಕೆ ಜೀಪು ನುಗ್ಗಿಸುವವನು ಎಷ್ಟೇ ಪಕ್ಷಿಪ್ರೇಮಿಯಾಗಿದ್ದರೂ ಆ ನಿಯಮಕ್ಕೆ ಹೊರಗಿನವನು.

ತುಂಗಭದ್ರೆಯ ಕಾಲುವೆ ನೀರು ಬಂದ ಕಡೆಯೆಲ್ಲ ಭತ್ತ ಹಬ್ಬಿ ಈ ಹಕ್ಕಿಗೆ ಬೇಕಾದ ಮಳೆಯಾಶ್ರಿತ ಜೋಳ, ಕಡಲೆಯ ಹೊಲಗಳು ಕುಗ್ಗಿವೆ. ಉಳಿದಿರುವ ಒಣಬೇಸಾಯದ ನೆಲ ಬಹುಪಾಲು ರೈತರದೇ ಆಗಿರುವುದರಿಂದ, ಹಕ್ಕಿಗಾಗಿ ನೀರಾವರಿಯ ಲಾಭವನ್ನು ಬಿಡಿ ಎಂದು ಅವರಿಗಷ್ಟೇ ಉಪದೇಶಿಸುವುದು ಧರ್ಮವಲ್ಲ. ಸಿರುಗುಪ್ಪದಲ್ಲಿ ಗೋಪುರಕ್ಕೂ ಸಫಾರಿ ದಾರಿಗೂ ಖರ್ಚುಮಾಡಬಹುದಾದ ಹಣವನ್ನು ಸರ್ಕಾರ ಜೋಳ ಬಿತ್ತುವ ಆ ರೈತನಿಗೆ ವರ್ಷವರ್ಷವೂ ನೇರವಾಗಿ ಕೊಡಬೇಕು.