ತಂಗಳ ರೊಟ್ಟಿಯ ಒಗ್ಗರಣಿ

ದಿಗ್ಗೇವಾಡಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಸೇರುವ ತಿನಿಸು ತಂಗಳ ರೊಟ್ಟಿ ಒಗ್ಗರಣಿ. ಒಣಗಿದ ಜೋಳದ ರೊಟ್ಟಿ ಮುರಿದು ನೀರು ಚಿಮುಕಿಸಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಹುರಿದು ಕಲಸಿದರೆ ಆಯಿತು. ಆ ರುಚಿ ಹೊಗಳಿ ನಾನೊಂದು ಪದ್ಯವನ್ನೂ ಬರೆದೆ.

ಪದ್ಯ ಓದಿ ಹೇಳಿದಾಗ ಆಯಿ ನಗಲಿಲ್ಲ. "ಮಗಾ, ಆ ರೊಟ್ಟಿ ನಮ್ಮ ಮನ್ಯಾಗ ಬಡಿದಿದ್ದಲ್ಲೋ. ದೊಡ್ಡ ಮನಿಯವರ ದನದ ಸೆಗಣಿ ಬಳದು ಸೆರಗ ಒಡ್ಡಿದ್ರ, ಮ್ಯಾಲಿಂದ ಒಗೀತಿದ್ರು. ಒಂದೊಂದು ಬೂಸರು ಬಂದಿರ್ತಿತ್ತು. ವಾಸನಿ ಮುಚ್ಚಾಕ ಬಳ್ಳೊಳ್ಳಿ."

ಆಗ ನನ್ನ ಗಮನಕ್ಕೆ ಬಂತು: ಆಯಿ ಇದನ್ನು ನಮಗೆ ಬಡಿಸುತ್ತಾಳೆ, ತಾನು ಮುಟ್ಟುವುದಿಲ್ಲ. ಒಂದೇ ರೊಟ್ಟಿಯಿದ್ದರೂ ಬಿಸಿಯದನ್ನೇ ಉಣ್ಣುತ್ತಾಳೆ.

1927ರ ಮಾರ್ಚಿನಲ್ಲಿ ಮಹಾಡದ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲ ತುಣುಕಿಗೆ ಕೈಯೊಡ್ಡುವುದನ್ನು ಬಿಡಿ ಎಂದು ನಮ್ಮ ಜನಕ್ಕೆ ಕರೆ ಕೊಟ್ಟರು. ಆಯಿಗೆ ಆ ಭಾಷಣ ಗೊತ್ತಿಲ್ಲ. ಆದರೂ ಬಿಟ್ಟಳು. ಭಾಷಣ ಓದಿದ ನಾನು ಪದ್ಯ ಬರೆಯುತ್ತ ಕುಂತೆ.

ಹಾಗಾದರೆ ಗೆಳೆಯರೆ, ಅವಮಾನದೊಳಗೆ ಹುಟ್ಟಿದ ರುಚಿಯನ್ನು ಪ್ರೀತಿಸುವುದು ತಪ್ಪೆ? ನನಗೆ ಹಾಗೆನಿಸುವುದಿಲ್ಲ. ಆ ರೊಟ್ಟಿಯ ಜೋಳ ಕೊಯ್ದವಳೂ ಆಯಿ, ಒಗೆದ ತುಣುಕನ್ನು ಊಟ ಮಾಡಿದವಳೂ ಆಯಿ. ನಾಚಬೇಕಾದವರು ಒಗೆದವರು. ತಪ್ಪಿರುವುದು ನನ್ನ ಪದ್ಯದಲ್ಲಿ. ಬಳ್ಳೊಳ್ಳಿ ಮುಚ್ಚಿದ ವಾಸನೆಯನ್ನು ಅದು ಇನ್ನೊಮ್ಮೆ ಮುಚ್ಚಿತು.

ಈಗ ನಮ್ಮದೇ ರೊಟ್ಟಿಯಿಂದ ಒಗ್ಗರಣಿ ಮಾಡುತ್ತೇವೆ. ತಂಗಿಯ ಮಕ್ಕಳು ಇನ್ನಷ್ಟು ಬೇಕೆಂದು ತಾಟು ಒಡ್ಡುತ್ತಾರೆ. ಅವರಿಗೆ ಆ ಸೆರಗಿನ ಸುದ್ದಿಯನ್ನೂ ಹೇಳಬೇಕು.