ಯಾರ ಹಂಗೂ ಇಲ್ಲದ ಕರೆಂಟು

ರಾಯಚೂರಿನ ಬಿಸಿಲನ್ನು ಬೈಯದವರಿಲ್ಲ. ಆದರೂ ಹಪ್ಪಳ, ಸಂಡಿಗೆ, ಶಾವಿಗೆ, ವರ್ಷದ ಮೆಣಸಿನಕಾಯಿ, ಎಲ್ಲದಕ್ಕೂ ನಾವು ಹೆಂಗಸರು ಆ ಬಿಸಿಲನ್ನೇ ನಂಬಿದವರು. ಈಗ ಮಾಳಿಗೆಯ ಮೇಲೆ ಅದಕ್ಕೆ ಇನ್ನೊಂದು ಕೆಲಸ ಸಿಕ್ಕಿದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಸೋಲಾರ್ ಹಾಕಿಸಿದರೆ 78,000 ರೂಪಾಯಿ ಸಹಾಯಧನ. ಹಾಗೆ ಹಾಕಿಸಿದ ಪರಿಚಿತರೊಬ್ಬರು ಹಿಗ್ಗಿನಿಂದ ಹೇಳಿದರು: "ಇನ್ನ ಮ್ಯಾಲ ನಮಗ ಯಾರ ಹಂಗೂ ಇಲ್ಲ ನೋಡ್ರೀ ಅಕ್ಕಾ."

ಅವರ ಹಿಗ್ಗು ನಿಜವಾದದ್ದೇ. ಆದರೆ 'ಹಂಗು' ಎಂಬ ಮಾತು ನನ್ನನ್ನು ಯೋಚನೆಗೆ ಹಚ್ಚಿತು.

ಮಧ್ಯಾಹ್ನ ನಾವು ಬಳಸಿ ಉಳಿದ ಕರೆಂಟು ಕಂಬದ ತಂತಿಗೆ ಹೋಗಿ ಪಕ್ಕದ ಮನೆಯ ಫ್ಯಾನು ತಿರುಗಿಸುತ್ತದೆ. ಹೊತ್ತು ಮುಳುಗಿದ ಮೇಲೆ ಅದೇ ತಂತಿಯಿಂದ ನಾವು ಕೈಗಡ ತರುತ್ತೇವೆ. ಆ ಕೈಗಡದ ಹಿಂದೆ 1985ರಲ್ಲಿ ಮೊದಲ ಘಟಕ ಆರಂಭವಾದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರವಿದೆ, ಹೊರರಾಜ್ಯದ ಗಣಿಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲು ಇದೆ, ಕೃಷ್ಣೆಯ ನೀರಿದೆ, ಅದರ ಬೂದಿಯೂ ಇದೆ.

ಇನ್ನೊಂದು ಸಂಗತಿ. ಬ್ಯಾಟರಿ ಇಲ್ಲದ ಈ ಸೋಲಾರ್, ಊರಿನ ಕರೆಂಟು ಹೋದೊಡನೆ, ನೆತ್ತಿಯ ಮೇಲೆ ಸೂರ್ಯನಿದ್ದರೂ ತಾನೂ ನಿಂತುಬಿಡುತ್ತದೆ. 'ಇದೆಂಥ ಸೋಲಾರ್' ಎಂದು ಸಿಡುಕುವವರಿದ್ದಾರೆ. ಲೈನು ಬಂದ್ ಮಾಡಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮಾಳಿಗೆಯ ಕರೆಂಟು ಹೊಡೆಯಬಾರದೆಂದೇ ಆ ಏರ್ಪಾಡು. ಯಾವುದೋ ತಾಯಿಯ ಮಗನ ಜೀವಕ್ಕಾಗಿ ನಮ್ಮ ಫ್ಯಾನು ಅಷ್ಟು ಹೊತ್ತು ನಿಲ್ಲುತ್ತದೆ. ಇದನ್ನು ಹಂಗು ಎನ್ನಬೇಕೆ, ನಂಟು ಎನ್ನಬೇಕೆ?

ಈ ಸೀಮೆಯವರಿಗೆ ಇದು ಹೊಸ ಪಾಠವಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ಮೇಲ್ಭಾಗದವರು ತಮ್ಮ ಪಾಲಿಗಿಂತ ಹೆಚ್ಚು ನೀರು ಎತ್ತಿಕೊಂಡರೆ ಮಾನ್ವಿ, ರಾಯಚೂರಿನ ಕೊನೆ ಭಾಗದ ಹೊಲಗಳು ಒಣಗುತ್ತವೆ. ಕರೆಂಟಿಗೂ ಒಂದು ಕೊನೆ ಭಾಗವಿದೆ. ದೇವದುರ್ಗದ ಕಡೆಯ ಹಳ್ಳಿಯಲ್ಲಿ ತಗಡಿನ ಮನೆಯಲ್ಲಿರುವಾಕೆಗೆ, ರಾಯಚೂರಿನಲ್ಲೇ ಬಾಡಿಗೆ ಕೋಣೆಯಲ್ಲಿರುವಾಕೆಗೆ ಸೋಲಾರ್ ಹಾಕಿಸಲು ತಮ್ಮದೆಂಬ ಮಾಳಿಗೆಯೇ ಇಲ್ಲ. ಆದರೆ ನಮಗೆ ಬಂದ ಸಹಾಯಧನದಲ್ಲಿ ಅವರು ಕೊಳ್ಳುವ ಸೋಪು, ಎಣ್ಣೆಯ ತೆರಿಗೆಯ ಪಾಲೂ ಇದೆ.

ಹಾಗಾದರೆ ಹಾಕಿಸಬಾರದೆ? ಅನುಕೂಲವಿದ್ದವರು ಅಗತ್ಯವಾಗಿ ಹಾಕಿಸಲಿ. ಅಷ್ಟರಮಟ್ಟಿಗೆ ಕಲ್ಲಿದ್ದಲು ಉಳಿಯುತ್ತದೆ. ನೆಟ್ ಮೀಟರಿನಲ್ಲಿ ಹಗಲು ಕೊಟ್ಟ ಯೂನಿಟ್ಟು ರಾತ್ರಿ ಪಡೆದ ಯೂನಿಟ್ಟಿಗೆ ವಜಾ ಆಗುತ್ತದೆ. ಆದರೆ ಹಗಲು ಎಲ್ಲ ಮಾಳಿಗೆಗಳೂ ಒಟ್ಟಿಗೇ ಕೊಡುತ್ತವೆ, ಸಂಜೆ ಎಲ್ಲ ಮನೆಗಳೂ ಒಟ್ಟಿಗೇ ಕೇಳುತ್ತವೆ. ಆ ಹೊತ್ತಿನ ಭಾರ ಹೊರಲು ಶಕ್ತಿನಗರದಂಥ ಒಲೆಗಳು ಉರಿಯಲೇಬೇಕು. ಆದ್ದರಿಂದ ರುಬ್ಬುವುದು, ಬಟ್ಟೆ ಒಗೆಯುವುದು, ಟ್ಯಾಂಕಿಗೆ ನೀರು ಏರಿಸುವುದು ಬಿಸಿಲಿರುವಾಗಲೇ ಮುಗಿಯಲಿ. ಸಂಜೆ ನಮ್ಮ ಕೈ ಸ್ವಲ್ಪ ಹಿಡಿತದಲ್ಲಿರಲಿ. ಕಂಬ, ತಂತಿ, ದುರಸ್ತಿಯ ಖರ್ಚಿಗೆ ನಿಗದಿತ ಶುಲ್ಕ ಕಟ್ಟುವಾಗ ಗೊಣಗದಿರೋಣ.

ಹೀಗೆ ಮಾಡಿದ್ದಕ್ಕೆ ನಮ್ಮ ಬಿಲ್ಲಿನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಉಳಿತಾಯವಿಲ್ಲದಿದ್ದರೂ ಮಾಡುವಂಥ ಕೆಲಸಗಳು ಪ್ರತಿಯೊಂದು ಮನೆಯಲ್ಲೂ ಕೆಲವಿರುತ್ತವೆ. ಇದು ಅವುಗಳ ಜೊತೆಗೆ ಇನ್ನೊಂದು, ಅಷ್ಟೆ.