ಘಟಸರ್ಪದ ಎಲುಬು

ಚೀನದೇಶದ ಮದ್ದಿನಂಗಡಿಗಳಲ್ಲಿ ‘ಲುಂಗ್ ಗು’ ಎಂಬ ಪದಾರ್ಥವೊಂದು ಬಹುಕಾಲದಿಂದ ಮಾರಾಟವಾಗುತ್ತ ಬಂದಿದೆ. ಲುಂಗ್ ಎಂದರೆ ಘಟಸರ್ಪ, ಗು ಎಂದರೆ ಎಲುಬು. ನೋಡುವುದಕ್ಕೆ ಅದು ಬೂದಿಬಣ್ಣದ ಕಲ್ಲಿನ ಚೂರು. ನಾಲಗೆಗೆ ತಾಗಿಸಿದರೆ ಅಂಟಿಕೊಳ್ಳುವುದೇ ಉತ್ತಮವಾದ ಸರಕಿನ ಲಕ್ಷಣ. ಚಿತ್ತಕ್ಷೋಭೆ, ಎದೆಬಡಿತ, ನಿದ್ರಾನಾಶ, ರಾತ್ರಿಯ ಬೆವರು ಇವುಗಳಿಗೆ ಅದನ್ನು ಕುಟ್ಟಿ ಕಷಾಯದಲ್ಲಿ ಕುದಿಸುವರು. ಪುರಾಣಪುರುಷನಾದ ಷೆನ್ ನುಂಗನ ಹೆಸರಿನಲ್ಲಿರುವ ಪ್ರಾಚೀನ ಔಷಧಗ್ರಂಥದಲ್ಲಿ ಅದಕ್ಕೆ ಉತ್ತಮವರ್ಗದಲ್ಲಿ ಸ್ಥಾನವುಂಟು. 1596ರಲ್ಲಿ ಅಚ್ಚಾದ ಲೀ ಷಿ ಚೆನ್ನನ ಮಹಾನಿಘಂಟಿನಲ್ಲಿಯೂ ಅದರ ಗುಣವರ್ಣನೆಯಿದೆ. ವಾಸ್ತವದಲ್ಲಿ ಅವು ಎಂದೋ ಅಳಿದುಹೋದ ಆನೆ, ಖಡ್ಗಮೃಗ, ಜಿಂಕೆ, ಮೂರು ಬೆರಳಿನ ಕುದುರೆ ಮೊದಲಾದ ಮೃಗಗಳ ಪಳೆಯುಳಿಕೆಗಳು. ದ್ರವ್ಯದೃಷ್ಟಿಯಿಂದ ಹೆಚ್ಚಾಗಿ ಸುಣ್ಣ ಮತ್ತು ರಂಜಕದ ಲವಣಗಳು.

ಈ ಎಲುಬಿನ ಚರಿತ್ರೆಯಲ್ಲಿ ಒಂದು ಧರ್ಮಸೂಕ್ಷ್ಮ ಅಡಗಿದೆ. ಒಬ್ಬ ರೋಗಿಯ ಶಾಂತಿಗಾಗಿ ಅರೆದುಹೋದ ವಸ್ತುವು ಸಮಸ್ತ ಮನುಷ್ಯಕುಲದ ಅರಿವಿಗೆ ಆಧಾರವಾಗಬಹುದಾಗಿತ್ತೆಂದು ಆಮೇಲೆ ತಿಳಿದುಬಂದರೆ, ಅರೆದವನನ್ನು ಅಪರಾಧಿಯೆನ್ನಬಹುದೆ?

ಹೊನಾನ್ ಪ್ರಾಂತದ ಆನ್‌ಯಾಂಗ್ ಊರಿನ ಬಳಿ ಷಿಯಾವ್‌ತುನ್ ಎಂಬ ಹಳ್ಳಿಯಿದೆ. ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಅಲ್ಲಿನ ರೈತರು ಹೊಲದಲ್ಲಿ ದೊರೆತ ಹಳೆಯ ಎಲುಬುಗಳನ್ನೂ ಆಮೆಯ ಚಿಪ್ಪುಗಳನ್ನೂ ಇದೇ ಹೆಸರಿನಲ್ಲಿ ಮದ್ದಿನವರಿಗೆ ಮಾರುತ್ತಿದ್ದರು. ಕೆಲವುಗಳ ಮೇಲೆ ಏನೋ ಗೀಚಿದಂತಿತ್ತು. ಗೀಚಿದ ಎಲುಬನ್ನು ಕೊಳ್ಳುವವರಿಲ್ಲ. ಆದುದರಿಂದ ರೈತರು ಆ ಗೀಟುಗಳನ್ನು ಹೆರೆದು ನುಣುಪುಮಾಡಿ ಮಾರುತ್ತಿದ್ದರೆಂದು ಮುಂದೆ ಆ ಹಳ್ಳಿಗೆ ಹೋಗಿ ವಿಚಾರಿಸಿದವರು ಬರೆದಿದ್ದಾರೆ. ಹೆರೆದುಹೋದದ್ದು ಮೂರು ಸಾವಿರ ವರ್ಷಗಳ ಹಿಂದಿನ ಷಾಂಗ್ ಅರಸರ ಪ್ರಶ್ನಲಿಪಿ. ಅರಸನು ಕೇಳಬೇಕಾದದ್ದನ್ನು ಹೇಳಿ ಎಲುಬಿಗೆ ಬಿಸಿ ತಾಗಿಸುವುದು, ಮೂಡಿದ ಬಿರುಕಿನಿಂದ ಶುಭಾಶುಭಗಳನ್ನು ತಿಳಿಯುವುದು, ಆ ಪ್ರಶ್ನೆಯನ್ನು ಅದರ ಮೇಲೆಯೇ ಕೊರೆಯುವುದು ಆಗಿನ ಪದ್ಧತಿ. ಮಳೆ ಬರುವುದೆ, ಯುದ್ಧದಲ್ಲಿ ಜಯವಾಗುವುದೆ ಎಂಬ ಪ್ರಶ್ನೆಗಳ ನಡುವೆ ಅರಸನ ಹಲ್ಲುನೋವಿನ ಪ್ರಶ್ನೆಯೂ, ರಾಣಿ ಫೂ ಹಾವ್‌ಳ ಹೆರಿಗೆ ಸುಖವಾಗುವುದೆ ಎಂಬ ಪ್ರಶ್ನೆಯೂ ಇವೆ. ಒಬ್ಬರ ನೋವನ್ನು ಹೊತ್ತ ಎಲುಬು ಮೂರು ಸಾವಿರ ವರ್ಷಗಳ ಮೇಲೆ ಮತ್ತೊಬ್ಬರ ನೋವಿಗೆ ಮದ್ದಾದುದನ್ನು ವಿಧಿಯ ವಿನೋದವೆಂದರೂ ಸಲ್ಲುವುದು.

1899ರಲ್ಲಿ ಪೀಕಿಂಗಿನ ವಿದ್ವಾಂಸ ವಾಂಗ್ ಯಿ ರುಂಗ್ ಇದು ಪ್ರಾಚೀನ ಬರೆವಣಿಗೆಯೆಂದು ಗುರುತಿಸಿದನು. ತನ್ನ ಜ್ವರಕ್ಕೆ ತರಿಸಿದ ಔಷಧದಲ್ಲಿಯೇ ಆತನು ಅದನ್ನು ಕಂಡನೆಂಬ ಕಥೆ ಸೊಗಸಾಗಿದೆ. ಆದರೆ ಅದು ಎಷ್ಟೋ ವರ್ಷಗಳಾದಮೇಲೆ ಹುಟ್ಟಿದ್ದು. ಪುರಾತನವಸ್ತುಗಳ ವ್ಯಾಪಾರಿಗಳಿಂದ ಕೊಂಡನೆಂಬುದಷ್ಟೆ ನಂಬತಕ್ಕ ಮಾತು. ಮರುವರ್ಷ ಪರದೇಶಗಳ ಸೈನ್ಯಗಳು ರಾಜಧಾನಿಯನ್ನು ಹೊಕ್ಕಾಗ ಆತನು ಪ್ರಾಣತ್ಯಾಗಮಾಡಿದನು. 1903ರಲ್ಲಿ ಆತನ ಮಿತ್ರ ಲಿಯು ಎ ಸಾವಿರಕ್ಕೂ ಮೇಲ್ಪಟ್ಟ ತುಣುಕುಗಳ ಪ್ರತಿರೂಪಗಳನ್ನು ಅಚ್ಚುಹಾಕಿಸಿದನು. 1917ರಲ್ಲಿ ವಾಂಗ್ ಕುವೊ ವೆಯ್ ಎಂಬ ಪಂಡಿತನು ಈ ಎಲುಬುಗಳಲ್ಲಿನ ಅರಸರ ಹೆಸರುಗಳು ಇತಿಹಾಸಕಾರ ಸ್ಸು ಮಾ ಚಿಯೆನ್ ಕೊಟ್ಟ ವಂಶಾವಳಿಗೆ ಬಹುಮಟ್ಟಿಗೆ ಹೊಂದುತ್ತವೆಯೆಂದು ತೋರಿಸಿದನು. ಕಟ್ಟುಕಥೆಯೆಂದು ಕೆಲವರು ತಳ್ಳಿಹಾಕಿದ್ದ ರಾಜವಂಶವೊಂದು ಮದ್ದಿನ ಚೀಲದಿಂದ ಎದ್ದು ಬಂದಿತು.

ಇಷ್ಟನ್ನು ಓದಿದವರಿಗೆ ಆ ರೈತನ ಕೈಯಲ್ಲಿದ್ದ ಹೆರೆಯುವ ಕತ್ತಿಯ ಮೇಲೆ ಕೋಪ ಬರುವುದು ಸಹಜ. ಕೋಪಕ್ಕೆ ಮುಂಚೆ ಯೋಚಿಸತಕ್ಕ ಸಂಗತಿಯೊಂದುಂಟು: ಮದ್ದಿನವನ ಬೇಡಿಕೆಯಿಲ್ಲದಿದ್ದರೆ ಆ ಎಲುಬುಗಳನ್ನು ಕೂಡಿಡುವ ಶ್ರಮವನ್ನು ಯಾರು ವಹಿಸುತ್ತಿದ್ದರು? ಹಾಬೆರರ್ ಎಂಬ ಜರ್ಮನ್ ವೈದ್ಯನು ಚೀನದ ಮದ್ದಿನಂಗಡಿಗಳಲ್ಲಿ ಕೊಂಡು ಕಳುಹಿಸಿದ ಎಲುಬುಹಲ್ಲುಗಳಿಂದಲೇ ಮ್ಯೂನಿಕ್ ನಗರದ ಷ್ಲಾಸರ್ 1903ರಲ್ಲಿ ಚೀನದ ಪ್ರಾಚೀನ ಸಸ್ತನಿಗಳ ವಿಷಯವಾಗಿ ದೊಡ್ಡ ಗ್ರಂಥವನ್ನು ಬರೆದನು. 1935ರಲ್ಲಿ ಫಾನ್ ಕೋನಿಗ್ಸ್‌ವಾಲ್ಡನಿಗೆ ಹಿಂದೆಂದೂ ಅರಿಯದ ಮಹಾವಾನರವೊಂದರ ದವಡೆಹಲ್ಲು ಸಿಕ್ಕಿದ್ದು ಹಾಂಗ್‌ಕಾಂಗಿನ ಮದ್ದಿನಂಗಡಿಯಲ್ಲಿ. ಎಲುಬನ್ನು ಅರೆದು ತೀರಿಸಿದ ಕೈಯೇ ಅದನ್ನು ಬೆಳಕಿಗೆ ತಂದ ಕೈ. ಇದರಿಂದ ಅರೆದದ್ದು ಪುಣ್ಯವಾಗದು, ನಿಜ. ಉದ್ದೇಶಿಸದೆ ಆದ ಉಪಕಾರವನ್ನು ಯಾರ ಲೆಕ್ಕಕ್ಕೂ ಬರೆಯಲಾಗದು. ಆದರೆ ಉದ್ದೇಶಿಸದೆ ಆದ ಅಪಕಾರಕ್ಕೂ ಅದೇ ನ್ಯಾಯ ಸಲ್ಲಬೇಡವೆ?

ಇನ್ನು ಬಲ್ಲವರ ನಡತೆ. ಎಲುಬಿನ ಬೆಲೆಯನ್ನು ಅಕ್ಷರಗಳನ್ನೆಣಿಸಿ ಕಟ್ಟತೊಡಗಿದಾಗ ಹೆರೆಯುವುದು ನಿಂತು ಕೊರೆಯುವುದು ಮೊದಲಾಯಿತು. ಬರಿಯ ಎಲುಬಿನ ಮೇಲೆ ಕಳ್ಳ ಅಕ್ಷರಗಳು ಮೂಡಿದವು. ರಾತ್ರಿಯಲ್ಲಿ ಅಗೆಯುವವರು ಹೆಚ್ಚಿದರು. ಯಾವ ಎಲುಬು ಯಾವ ಗುಳಿಯಲ್ಲಿ ಯಾವುದರ ಪಕ್ಕದಲ್ಲಿತ್ತೆಂಬ ಸಾಕ್ಷ್ಯ, 1928ರಲ್ಲಿ ಶಾಸ್ತ್ರೀಯವಾದ ಅಗೆತ ಆರಂಭವಾಗುವವರೆಗೆ, ಬಲ್ಲವರ ಹಣದಿಂದಲೇ ಹಾಳಾಗುತ್ತಿತ್ತು. ಪೀಕಿಂಗಿನ ನೈಋತ್ಯದಲ್ಲಿ ಘಟಸರ್ಪದ ಎಲುಬಿನ ಗುಡ್ಡವೆಂದೇ ಹೆಸರಾದ ಚೌ ಕೌ ತಿಯೆನ್ನಿನ ಗವಿಯಲ್ಲಿ 1929ರ ಡಿಸೆಂಬರಿನಲ್ಲಿ ಪೇ ವೆನ್ ಚುಂಗ್ ಆದಿಮಾನವನ ತಲೆಬುರುಡೆಯನ್ನು ಕಂಡನು. ವಿದ್ವಾಂಸರು ಕಣ್ಣಿನಂತೆ ಕಾಪಾಡಿದ ಆ ಗವಿಯ ಮಾನವಾವಶೇಷಗಳು 1941ರಲ್ಲಿ, ಅಮೆರಿಕಕ್ಕೆ ಸಾಗಿಸಲೆಂದು ಪೆಟ್ಟಿಗೆಗೆ ಹಾಕಿದಮೇಲೆ, ಯುದ್ಧದ ಗೊಂದಲದಲ್ಲಿ ಕಾಣೆಯಾದವು; ಈವರೆಗೆ ಸಿಕ್ಕಿಲ್ಲ. ಆದರೂ ಒಂದು ಭೇದವಿದೆ. ಅವುಗಳ ಅಚ್ಚುಗಳೂ ಅಳತೆಗಳೂ ವೈಡನ್‌ರೈಕನ ವರ್ಣನೆಗಳೂ ಉಳಿದಿವೆ. ಅರೆದ ಎಲುಬಿನಿಂದ ಉಳಿದದ್ದು ಒರಳಿನ ತಳದ ಹುಡಿ ಮಾತ್ರ.

ಪಳೆಯುಳಿಕೆಯನ್ನು ಮನೆಯಲ್ಲಿಟ್ಟುಕೊಂಡು ಅದು ಸವೆಯದಂತೆ ನೋಡಿಕೊಳ್ಳುವ ಸಂಪ್ರದಾಯ ಕನ್ನಡಿಗರಿಗೆ ಹೊಸದಲ್ಲ. ಗಂಡಕೀನದಿಯ ಸಾಲಿಗ್ರಾಮವು ಸಮುದ್ರದ ಜೀವಿಯೊಂದರ ಶಿಲಾರೂಪವೆಂದು ಭೂಗರ್ಭಶಾಸ್ತ್ರವು ಹೇಳುತ್ತದೆ. ಆದರೆ ದೇವರ ಪೆಟ್ಟಿಗೆಯಲ್ಲಿರುವವರ ನೆಮ್ಮದಿಯಿಂದ ರೋಗಿಯ ಹಾಸಿಗೆಯ ಬಳಿ ಕುಳಿತವರನ್ನು ಅಳೆಯುವುದು ನ್ಯಾಯವಲ್ಲ. ನಿದ್ರೆಯಿಲ್ಲದೆ ಹೊರಳುವ ಮಗುವಿನ ತಾಯಿಗೆ ಷಾಂಗ್ ವಂಶದ ಚರಿತ್ರೆ ಏತಕ್ಕೆ? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಬಿಡತಕ್ಕದ್ದಲ್ಲ. ಎಲುಬೇ ಆ ಮಗುವಿಗೆ ಏಕಮಾತ್ರ ಗತಿಯಾಗಿದ್ದರೆ ಅರಸನ ಲಿಪಿ ಹೋದರೂ ಹೋಗಲಿ ಎಂದೇ ಹೇಳಬೇಕಾಗುತ್ತಿತ್ತು. ಹಾಗೆ ಇಲ್ಲ. ಚೀನದ ವೈದ್ಯರು ಅನೇಕ ಯೋಗಗಳಲ್ಲಿ ಅದರ ಜೊತೆಗೇ ಸಿಂಪಿಯ ಚಿಪ್ಪನ್ನೂ ಹಾಕುತ್ತಾರೆ. ಎಲುಬಿಗೆ ಬದಲಾಗಿ ಚಿಪ್ಪನ್ನೇ ಕೊಡುವುದೂ ಉಂಟು. ಸಿಂಪಿಯು ವರ್ಷವರ್ಷವೂ ಬೆಳೆಯುವುದು. ಮೂರು ಬೆರಳಿನ ಕುದುರೆ ಮತ್ತೆ ಹುಟ್ಟದು. ಇದನ್ನು ತಿಳಿದಮೇಲೆಯೂ ಎಲುಬನ್ನೇ ಅರೆಯುವವನಿಗೆ ಷಿಯಾವ್‌ತುನ್ನಿನ ರೈತನಿಗಿದ್ದ ರಕ್ಷೆಯಿಲ್ಲ. ಕೆಲಸ ಒಂದೇ ಆದರೂ ಅರಿವು ಬಂದ ದಿನದಿಂದ ಅದರ ಬಣ್ಣ ಬೇರೆ.

2007ರಲ್ಲಿ ಅದೇ ಹೊನಾನ್ ಪ್ರಾಂತದ ರುಯಾಂಗ್ ಸೀಮೆಯಿಂದ ಒಂದು ಸುದ್ದಿ ಬಂದಿತು. ಅಲ್ಲಿನ ಹಳ್ಳಿಗರು ಸುಮಾರು ಇಪ್ಪತ್ತು ವರ್ಷಗಳಿಂದ ದೊಡ್ಡ ಎಲುಬುಗಳನ್ನು ಅಗೆದು, ಕಿಲೋಗ್ರಾಮಿಗೆ ಸುಮಾರು 4 ಯುವಾನಿನಂತೆ ಮಾರುತ್ತಿದ್ದರು. ಮಕ್ಕಳ ತಲೆಸುತ್ತಿಗೂ ಕಾಲುಸೆಳೆತಕ್ಕೂ ಸಾರಿನಲ್ಲಿ ಕುದಿಸಿ ಕೊಡುತ್ತಿದ್ದರು. ಆಕಾಶದಲ್ಲಿ ಹಾರುವ ಘಟಸರ್ಪದ ಎಲುಬೆಂಬುದು ಅವರ ನಂಬಿಕೆ. ಅವು ಡೈನೊಸಾರ್‌ಗಳ ಎಲುಬುಗಳೆಂದು ತಿಳಿದಾಗ, ಮನೆಗಳಲ್ಲಿ ಉಳಿದಿದ್ದ 200 ಕಿಲೋಗ್ರಾಮುಗಳಷ್ಟನ್ನು ತಂದು ಸಂಶೋಧನೆಗಾಗಿ ಒಪ್ಪಿಸಿದರೆಂದು ಪ್ರಾಗ್‌ಜೀವಶಾಸ್ತ್ರಜ್ಞ ಡುಂಗ್ ಚಿ ಮಿಂಗ್ ತಿಳಿಸಿದರು.